ಶನಿವಾರಕ್ಕೆ ಕೆಡುವ ಪ್ಯಾನೆಲ್

"ಕೈ ತೆಗೀರಿ!"

ಹೀಗೆ ಕೂಗುತ್ತಾ ನಯನಾ ಒಬ್ಬ ಅಪರಿಚಿತನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಾಗ ಶನಿವಾರ ಬೆಳಿಗ್ಗೆ ಹತ್ತೂಕಾಲು ಗಂಟೆ. ಯಶವಂತಪುರದ ಗಲ್ಲಿಯೊಂದರ ಮಹಡಿಯ ಮೇಲಿನ ಆ ಪುಟ್ಟ ಅಂಗಡಿಯಲ್ಲಿ, ಅವನ ಅಂಗೈಗೂ ಕಾದ ಸಾಲ್ಡರಿಂಗ್ ಐರನ್ನಿಗೂ ನಡುವೆ ಎರಡು ಬೆರಳಿನಷ್ಟು ಜಾಗ ಉಳಿದಿತ್ತು.

"ಮುನ್ನೂರೈವತ್ತು ಡಿಗ್ರಿ ಇದೆ ಸಾರ್ ಅದು. ಕೈ ಊರೋಕೆ ಬೇರೆ ಜಾಗ ಸಿಗ್ಲಿಲ್ವಾ?"

"ಸಾರಿ ಮೇಡಂ... ಮೂರು ಮಹಡಿ ಹತ್ತಿ ಸುಸ್ತಾಗೋಯ್ತು."

"ಇದು ಮೊದಲನೇ ಮಹಡಿ."

ಅವನು ಕಿಟಕಿಯಿಂದ ಹೊರಗೆ ನೋಡಿದ. ಯೋಚಿಸಿದ. "ಹಾಗಾದ್ರೆ ಮೊದ್ಲು ಪಕ್ಕದ ಬಿಲ್ಡಿಂಗ್ ಹತ್ತಿ ಇಳಿದೆ ಅನ್ಸುತ್ತೆ."

ನಯನಾಗೆ ನಗು ಬಂತು. ಆದರೆ ಗಿರಾಕಿ ಮುಂದೆ ಮೊದಲ ದಿನವೇ ನಕ್ಕರೆ ಗಾಂಭೀರ್ಯ ಎಲ್ಲಿ ಉಳಿಯುತ್ತದೆ? ತುಟಿ ಬಿಗಿಹಿಡಿದಳು. ತುಟಿ ಬಿಗಿಹಿಡಿಯುವ ಭರದಲ್ಲಿ ಅವನ ಮಣಿಕಟ್ಟು ಬಿಡುವುದನ್ನೇ ಮರೆತಳು. ಅದು ನೆನಪಾದಾಗ ಇಬ್ಬರೂ ಒಟ್ಟಿಗೆ ಬೇರೆ ಬೇರೆ ದಿಕ್ಕಿಗೆ ನೋಡಿದರು.

ಅವನ ಇನ್ನೊಂದು ಕೈಯಲ್ಲಿ ಟವೆಲ್‌ನಲ್ಲಿ ಸುತ್ತಿದ ಒಂದು ಪೆಟ್ಟಿಗೆಯಂಥದ್ದಿತ್ತು. ಎದೆಗಪ್ಪಿ ಹಿಡಿದಿದ್ದ ರೀತಿ ನೋಡಿದರೆ ಒಳಗೆ ಎಳೆಗೂಸಿದೆ ಅನ್ನಬೇಕು. ಬಿಚ್ಚಿದರೆ ಟಚ್‌ಸ್ಕ್ರೀನ್ ಪ್ಯಾನೆಲ್. ಕಾರ್ಖಾನೆಯ ಯಂತ್ರಗಳ ಮುಂಭಾಗದಲ್ಲಿ ಕೂರಿಸಿರುತ್ತಾರಲ್ಲ, ಆಪರೇಟರುಗಳು ಬೆರಳಿಟ್ಟು ಯಂತ್ರಕ್ಕೆ ಹೇಳಬೇಕಾದ್ದನ್ನೆಲ್ಲ ಹೇಳುತ್ತಾರಲ್ಲ, ಅದು. ಅಂಥವು ಕೆಟ್ಟರೆ ರಿಪೇರಿ ಮಾಡುವುದೇ ನಯನಾಳ ಕೆಲಸ.

"ನನ್ನ ಹೆಸರು ಗೋಕುಲ್. ಹೆಸರಘಟ್ಟದ ಹತ್ರ ಮೊಸರಿನ ಡೈರಿ, ಅಲ್ಲಿ ಮೇಂಟೆನೆನ್ಸ್ ನೋಡ್ಕೋತೀನಿ. ಇದು ಮೊಸರು ತುಂಬೋ ಮೆಷಿನ್ನಿನ ಪ್ಯಾನೆಲ್. ಒತ್ತೋದು ಒಂದು ಕಡೆ, ಅದು ತಿಳ್ಕೊಳ್ಳೋದು ಇನ್ನೊಂದು ಕಡೆ. ಸ್ಟಾರ್ಟ್ ಒತ್ತಿದ್ರೆ ತೊಳೆಯೋ ನೀರು ಬರ್ತಿದೆ."

"ಟಚ್ ಗ್ಲಾಸ್ ಹೋಗಿದೆ. ವಯಸ್ಸಾಗಿದೆ ಇದಕ್ಕೆ."

"ಒಂದೇ ಒಂದು ವಿಷಯ ಮೇಡಂ. ಒಳಗಿರೋ ಪ್ರೋಗ್ರಾಂ ಮಾತ್ರ ಅಳಿಸಬಾರದು. ಮೆಷಿನ್ ಮಾಡಿದ ಕಂಪನಿಯೇ ಈಗಿಲ್ಲ. ಇನ್ನೊಂದು ಕಾಪಿ ಎಲ್ಲೂ ಇಲ್ಲ."

"ಮೊದ್ಲು ಕಾಪಿ ತೆಗೀತೀನಿ, ಆಮೇಲೆ ಸ್ಕ್ರೂಗೆ ಕೈ ಹಾಕ್ತೀನಿ. ನೀವು ಕೂತ್ಕೊಳಿ. ಆ ಸ್ಟೂಲ್ ಮೇಲಲ್ಲ, ಅದ್ರ ಕಾಲು ಮುರಿದಿದೆ."

ಅವನು ಆಗಲೇ ಆ ಸ್ಟೂಲಿನ ಮೇಲೆ ಕೂತಾಗಿತ್ತು. ಬೀಳಲಿಲ್ಲ. ಗೋಡೆ ಹಿಡಿದುಕೊಂಡ.

ಆವತ್ತು ಮೂರು ಗಂಟೆ ಕಾಲ ಅವನು ಅವಳ ಕೈಯನ್ನೇ ನೋಡುತ್ತಾ ಕೂತಿದ್ದ. ಅವಳು ಕಾಪಿ ತೆಗೆದಳು, ಹಳೆಯ ಗ್ಲಾಸ್ ಬಿಡಿಸಿದಳು, ಹೊಸದನ್ನು ಕೂರಿಸಿದಳು. ಕೊನೆಗೆ ಪರದೆಯ ಮೇಲೆ ಒಂದೊಂದಾಗಿ ಮೂಡಿದ ಐದು ಪ್ಲಸ್ ಗುರುತುಗಳನ್ನು, ನಾಲ್ಕು ಮೂಲೆಗೊಂದು, ನಡುವೆ ಒಂದು, ಬೆರಳಿಂದ ಒತ್ತಿ ತೋರಿಸಿದಳು. ಹೊಸ ಗ್ಲಾಸಿಗೆ ಬೆರಳು ಎಲ್ಲಿ ಬಿತ್ತು ಅನ್ನುವುದನ್ನು ಕಲಿಸುವ ವಿಧಾನ ಅದು.

"ಎಷ್ಟು ಸಮಾಧಾನವಾಗಿ ಕೆಲ್ಸ ಮಾಡ್ತೀರಾ ನೀವು" ಅಂದ ಗೋಕುಲ್.

ಇಪ್ಪತ್ತೇಳು ವರ್ಷದ ಜೀವನದಲ್ಲಿ ನಯನಾಳ ಕಣ್ಣನ್ನು ಹೊಗಳಿದವರಿದ್ದರು, ಜಡೆಯನ್ನು ಹೊಗಳಿದವರಿದ್ದರು. ಅವಳ ಕೆಲಸವನ್ನು ಹೊಗಳಿದ ಗಂಡಸು ಅಪ್ಪನನ್ನು ಬಿಟ್ಟರೆ ಇವನೊಬ್ಬನೇ. ಅವಳಿಗೆ ಒಳಗೊಳಗೇ ತುಂಬಾ ಖುಷಿಯಾಯಿತು. ಹೊರಗೆ ಮಾತ್ರ "ಆರು ತಿಂಗಳು ಗ್ಯಾರಂಟಿ" ಅಂತಷ್ಟೇ ಹೇಳಿದಳು.

ಆರು ತಿಂಗಳೆಲ್ಲಿ ಬಂತು? ಮೂರು ವಾರಕ್ಕೇ ಪ್ಯಾನೆಲ್ ವಾಪಸ್ ಬಂತು.

ಅದೂ ಶನಿವಾರ. ಕೆಟ್ಟಿದ್ದು ಎಡಗಡೆಯ ಮೇಲಿನ ಮೂಲೆ, ಸ್ಟಾರ್ಟ್ ಬಟನ್ ಇರುವ ಜಾಗ. ಚೌಕಟ್ಟಿನ ಅಂಚಿನಲ್ಲಿ ಬಿಳಿಯ ಪುಡಿ ಕಟ್ಟಿಕೊಂಡಿತ್ತು. 'ಮೊಸರಿನ ಡೈರಿ ಅಲ್ವಾ, ಮೊಸರು ಸಿಡಿದು ಒಣಗಿದೆ' ಅಂದುಕೊಂಡು ನಯನಾ ಅದನ್ನು ಒರೆಸಿದಳು, ಗ್ಲಾಸ್ ಬದಲಾಯಿಸಿದಳು.

ಈ ಸಲ ಗೋಕುಲ್ ಎರಡು ದೊಡ್ಡ ಡಬ್ಬಿ ಗಟ್ಟಿ ಮೊಸರು ತಂದಿದ್ದ. ಅಪ್ಪ ವೆಂಕಟರಾಮಯ್ಯನವರು ಹಿಂದೆ ಟಿವಿ ಮೆಕ್ಯಾನಿಕ್ ಆಗಿದ್ದವರು, ಈಗ ಅಂಗಡಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದುವವರು. ಮೊಸರು ಅಂದರೆ ಅವರಿಗೆ ಪ್ರಾಣ. "ಹುಡುಗ ಒಳ್ಳೆಯವನು" ಎಂದು ಅವರು ತೀರ್ಪು ಕೊಟ್ಟಿದ್ದು ಡಬ್ಬಿಯ ಮುಚ್ಚಳ ತೆಗೆದ ಮೇಲೆ.

ಮತ್ತೆರಡು ವಾರಕ್ಕೆ ಪುನಃ ಶನಿವಾರ, ಪುನಃ ಪ್ಯಾನೆಲ್, ಪುನಃ ಅದೇ ಮೂಲೆ, ಪುನಃ ಮೊಸರು!

ಈಗ ಒಂದು ಸತ್ಯ ಹೇಳಿಬಿಡಬೇಕು. ಅಷ್ಟು ಹೊತ್ತಿಗೆ ನಯನಾಗೆ ಶನಿವಾರ ಅಂದರೆ ಹಸಿರು ಚೂಡಿದಾರ ಹಾಕುವ ದಿನ ಎಂದಾಗಿತ್ತು. ಗೋಕುಲ್‌ಗೆ ಶನಿವಾರ ಅಂದರೆ ಶೇವ್ ಮಾಡಿಕೊಳ್ಳುವ ದಿನ. ಆ ಮುರುಕು ಸ್ಟೂಲಿನ ಕಾಲನ್ನು ಅವನೇ ರಿಪೇರಿ ಮಾಡಿ, ಅದನ್ನು ತನ್ನದೇ ಜಾಗ ಮಾಡಿಕೊಂಡಿದ್ದ. ಇಬ್ಬರೂ ಏನೂ ಹೇಳಿಕೊಂಡಿರಲಿಲ್ಲ. ಹೇಳುವ ಅಗತ್ಯ ಇದೆ ಎಂದು ಇಬ್ಬರಿಗೂ ಅನ್ನಿಸಿರಲಿಲ್ಲ.

ಆದರೆ ಆವತ್ತು, ಅವನು ಬರುವುದಕ್ಕೆ ಅರ್ಧ ಗಂಟೆ ಮುಂಚೆ, ಡೈರಿಯ ಮಾಲೀಕ ಬಾಲರಾಜು ಫೋನ್ ಮಾಡಿದ್ದರು.

"ನೋಡಮ್ಮಾ, ಮತ್ತೆ ಅದೇ ಮೂಲೆ ಹೋಗಿದೆ, ನಿನ್ನ ಕೆಲ್ಸ ನಿಲ್ತಿಲ್ಲ. ಬೆಳಿಗ್ಗೆ ಬೆಳಿಗ್ಗೆ ಲೈನ್ ನಿಂತೋದ್ರೆ ನನ್ನ ಮೊಸರು ಹುಳಿಯಾಗುತ್ತೆ. ಇನ್ನೊಂದ್ಸಲ ಇದೇ ಆಯ್ತು ಅಂದ್ರೆ ನಮ್ಮ ಕಡೆಯಿಂದ ನಿಮ್ಮಂಗಡಿಗೆ ಒಂದು ವೈರೂ ಬರಲ್ಲ. ಕೇಳಿದೋರಿಗೂ ಇದನ್ನೇ ಹೇಳ್ತೀನಿ."

ನಯನಾಳ ಅಂಗಡಿಗೆ ಬೋರ್ಡೂ ಸರಿಯಾಗಿಲ್ಲ, ಜಾಹೀರಾತಂತೂ ಇಲ್ಲ. ಒಬ್ಬರು ಇನ್ನೊಬ್ಬರಿಗೆ "ಆ ಹುಡುಗಿ ಹತ್ರ ಹೋಗಿ, ಕೆಲ್ಸ ನಿಲ್ಲುತ್ತೆ" ಎಂದು ಹೇಳುವ ಆ ಒಂದು ಮಾತಿನ ಮೇಲೇ ಅಂಗಡಿ ನಿಂತಿರುವುದು. ಆ ಮಾತು ಸಂಪಾದಿಸಲು ಅವಳಿಗೆ ಮೂರು ವರ್ಷ ಹಿಡಿದಿತ್ತು. ಈಗ ಅದೇ ಹೋಗುತ್ತದೆಂದರೆ...

ಪಕ್ಕದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿರುವ ರವಿಕಿರಣ ಟೀ ಲೋಟ ಹಿಡಿದು ಬಾಗಿಲಲ್ಲಿ ನಿಂತ.

"ಮತ್ತೆ ಮತ್ತೆ ಒಂದೇ ಮೂಲೆ ಹೋಗುತ್ತಾ ನಯನಾ? ಅದೂ ಶನಿವಾರ ನೋಡ್ಕೊಂಡು? ಆ ಹುಡುಗ ನಿನ್ನ ನೋಡೋಕೆ ಬೇಕಂತ್ಲೇ ಕೆಡಿಸ್ತಿದಾನೆ ಕಣಮ್ಮ. ಪಾಪ, ಎಷ್ಟು ಪ್ರೀತಿ ನೋಡು."

ರವಿಕಿರಣ ಹೇಳಿದ್ದು ತಮಾಷೆಗೆ. ನಯನಾಗೆ ಮಾತ್ರ ಮೈಯೆಲ್ಲ ಉರಿಯಿತು. 'ನನ್ನ ಹೆಸರು ಹಾಳಾದ್ರೂ ಪರವಾಗಿಲ್ಲ, ಬಂದು ಸ್ಟೂಲ್ ಮೇಲೆ ಕೂರಬೇಕು ಅಂತಾನಾ? ಇದಾ ಪ್ರೀತಿ?'

ಗೋಕುಲ್ ಮೊಸರಿನ ಡಬ್ಬಿ ಇಡುವ ಮೊದಲೇ ಅವಳು ಕೇಳಿದಳು. "ನೀವೇ ಕೆಡಿಸ್ತಿದೀರಾ?"

"ಏನು?"

"ಪ್ಯಾನೆಲ್. ಬೇಕಂತ ಕೆಡಿಸ್ತಿದೀರಾ? ನೇರವಾಗಿ ಹೇಳಿ."

ಬೇರೆ ಯಾರಾದರೂ ಆಗಿದ್ದರೆ ಇಲ್ಲ ಎಂದು ಹೇಳಿ ಮುಗಿಸುತ್ತಿದ್ದರು. ಈ ಮಹಾನುಭಾವನಿಗೆ ಸತ್ಯವನ್ನು ಪೂರ್ತಿಯಾಗಿ ಹೇಳುವ ರೋಗ.

"ಕೆಡ್ಲಿ ಅಂತ ಅಂದ್ಕೊಂಡಿದ್ದು ನಿಜ... ಶುಕ್ರವಾರ ಬಂದ್ರೆ ಸಾಕು, ನಾಳೆ ಕೆಟ್ಟಿರುತ್ತಾ ಅಂತ ಅನ್ಸೋದು. ಆದ್ರೆ ನಾನು..."

"ಸಾಕು."

"ಪೂರ್ತಿ ಕೇಳಿ ನಯನಾ ಅವ್ರೇ. ಕೆಡಿಸಿಲ್ಲ ನಾನು."

"ನಿಮಗಿದು ಆಟ ಇರ್ಬಹುದು. ನನಗೆ ಇದು ಬಿಟ್ರೆ ಬೇರೆ ಏನೂ ಬರಲ್ಲ. ಇವತ್ತು ಮಾಡ್ಕೊಡ್ತೀನಿ. ಮುಂದಿನ್ಸಲ ನೀವು ಬರ್ಬೇಡಿ, ಬೇರೆ ಯಾರನ್ನಾದ್ರೂ ಕಳ್ಸಿ."

ಗೋಕುಲ್ ಪ್ಯಾನೆಲನ್ನೂ ಮೊಸರಿನ ಡಬ್ಬಿಯನ್ನೂ ಮೇಜಿನ ಮೇಲಿಟ್ಟ. ಆವತ್ತು ಅವನು ಸ್ಟೂಲಿನ ಮೇಲೆ ಕೂರಲಿಲ್ಲ. ಕೆಳಗೆ ಬೈಕಿನ ಹತ್ತಿರ ನಿಂತು ಕಾದ, ಪ್ಯಾನೆಲ್ ತೆಗೆದುಕೊಂಡು ಹೊರಟುಹೋದ. ಮೊಸರಿನ ಡಬ್ಬಿ ಅಲ್ಲೇ ಉಳಿಯಿತು. ವೆಂಕಟರಾಮಯ್ಯನವರು ಕೂಡ ಅದನ್ನು ಮುಟ್ಟಲಿಲ್ಲ. ಅವರಿಗೆ ಮಗಳ ಮುಖ ನೋಡಿಯೇ ತಿನ್ನುವ ಮನಸ್ಸಾಗಲಿಲ್ಲ, ಜೊತೆಗೆ ಎರಡು ವಾರ ಹಗಲೂ ರಾತ್ರಿ ಮೊಸರು ತಿಂದ ನೆಗಡಿಯೂ ಇತ್ತು.

ಮುಂದಿನ ಶನಿವಾರ ಯಾರೂ ಬರಲಿಲ್ಲ. ನಯನಾ ಮೆಟ್ಟಿಲ ಸದ್ದಾದಾಗಲೆಲ್ಲ ತಲೆ ಎತ್ತಿದಳು. ಹಸಿರು ಚೂಡಿದಾರ ಹಾಕಿರಲಿಲ್ಲ, ಆದರೂ ಎತ್ತಿದಳು. 'ಸರಿ ಹೋಯ್ತಲ್ಲ, ಕೆಡಿಸೋರು ನಿಲ್ಲಿಸಿದ್ರು, ಕೆಡೋದೂ ನಿಂತಿತು' ಎಂದು ತನಗೆ ತಾನೇ ಹೇಳಿಕೊಂಡಳು. ಹಾಗೆ ಹೇಳಿಕೊಂಡಾಗ ಸಮಾಧಾನ ಆಗಬೇಕಿತ್ತು, ಅಳು ಬಂತು.

ಅದರ ಮುಂದಿನ ಶನಿವಾರ ಪ್ಯಾನೆಲ್ ಬಂತು. ತಂದವನು ಹಾಲಿನ ವ್ಯಾನಿನ ಡ್ರೈವರ್ ಅರ್ಮಾನ್.

"ಮತ್ತೆ ಅದೇ ಮೂಲೆ ಮೇಡಂ. ಯಜಮಾನ್ರು ಬೇರೆ ಕಡೆ ಕೊಡಿ ಅಂತಿದ್ರು. ಗೋಕುಲ್ ಸಾರ್ ಬೇಡ್ಕೊಂಡ್ರು, ಅದಕ್ಕೆ ಇದೊಂದ್ಸಲ ಕಳ್ಸಿದಾರೆ."

ನಯನಾಗೆ ಅರ್ಥವಾಗಲಿಲ್ಲ. ಬರಬೇಡಿ ಅಂದಮೇಲೂ ಅವನು ಯಾಕೆ ಕೆಡಿಸುತ್ತಾನೆ? ಯಾಕೆ ಬೇಡಿಕೊಳ್ಳುತ್ತಾನೆ?

ಆವತ್ತು ಗಲ್ಲಿಯಲ್ಲಿ ಕರೆಂಟ್ ಇರಲಿಲ್ಲ. ಐರನ್ ಕಾಯಿಸಿರಲಿಲ್ಲ, ಹಾಗಾಗಿ ಅಂಗಡಿಯಲ್ಲಿ ಯಾವಾಗಲೂ ತುಂಬಿರುವ ಆ ಸುಟ್ಟ ರಾಳದ ವಾಸನೆಯೂ ಇರಲಿಲ್ಲ. ಕಿಟಕಿಯ ಬೆಳಕಿನಲ್ಲಿ ಸುಮ್ಮನೆ ಸ್ಕ್ರೂ ಬಿಚ್ಚಿದಳು. ಚೌಕಟ್ಟು ಎತ್ತಿದ ಕೂಡಲೇ ಒಂದು ಪರಿಮಳ ಬಂತು.

ಮೊಸರಿನದಲ್ಲ.

ನಯನಾ ಆ ಬಿಳಿಯ ಪುಡಿಯನ್ನು ಉಗುರಿನಿಂದ ಕೆರೆದು ಮೂಗಿನ ಹತ್ತಿರ ಹಿಡಿದಳು. ಗಂಧ. ದೇವರಿಗೆ ತೇಯುವ ಗಂಧ. ಅದರೊಳಗೆ ಎಲ್ಲೋ ಒಂದು ಚೂರು ಕುಂಕುಮದ ಕೆಂಪು.

ಅಯ್ಯೋ ದೇವರೇ. ಹಿಂದೆ ಎರಡು ಸಲವೂ ಇದನ್ನು ಮೊಸರು ಅಂದುಕೊಂಡು ತಾನೇ ಒರೆಸಿ ಹಾಕಿದ್ದಳು. ಮೊಸರಿನ ಡೈರಿಯಲ್ಲಿ ಬಿಳಿ ಇರುವುದೆಲ್ಲ ಮೊಸರು ಎಂದು ಯಾರು ಹೇಳಿದ್ದರು ಅವಳಿಗೆ?

ಶುಕ್ರವಾರ ಪೂಜೆ. ಶನಿವಾರ ಕೆಡುವುದು. ಲೆಕ್ಕ ಸರಿಹೋಯಿತು. ಯಾರು ಇಡುತ್ತಾರೆ? ಫೋನ್ ಎತ್ತಿಕೊಂಡವಳು ಕೆಳಗಿಟ್ಟಳು. ಕಣ್ಣಾರೆ ನೋಡದೆ ಒಮ್ಮೆ ಒಬ್ಬರ ಮೇಲೆ ತಪ್ಪು ಹೊರಿಸಿ ಆಗಿದೆಯಲ್ಲ... ಇನ್ನೊಮ್ಮೆ ಬೇಡ. ಕರೆಂಟ್ ಬಂದಮೇಲೆ ಪ್ಯಾನೆಲ್ ಸರಿಮಾಡಿ ಅರ್ಮಾನ್ ಕೈಲಿ ಕಳಿಸಿದಳು. ಒಂದು ವಾರ ಹಲ್ಲುಕಚ್ಚಿ ಕಾದಳು.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆಲ್ಲ ಸ್ಕೂಟರ್ ಹತ್ತಿದಳು. ಎಂಟನೇ ಮೈಲಿಯಲ್ಲಿ ಬಲಕ್ಕೆ ತಿರುಗಿ ಚಿಕ್ಕಬಾಣಾವರ ದಾಟುವಷ್ಟರಲ್ಲಿ ಗೋಕುಲ್‌ಗೆ ಹೇಳಬೇಕಾದ ಮಾತನ್ನು ಹತ್ತು ಸಲ ಅಭ್ಯಾಸ ಮಾಡಿದ್ದಳು. ಡೈರಿ ಗೇಟಿನಲ್ಲಿ ತಿಳಿದದ್ದು, ಗೋಕುಲ್ ಇಲ್ಲ. ಪ್ರತಿ ಶುಕ್ರವಾರ ಬೆಳಿಗ್ಗೆ ಅವನು ಚಿಕ್ಕಜಾಲದ ಹಾಲು ತಂಪುಮಾಡುವ ಘಟಕಕ್ಕೆ ಹೋಗುತ್ತಾನೆ, ಬರುವುದು ಮಧ್ಯಾಹ್ನ.

ಮೊಸರು ತುಂಬುವ ಯಂತ್ರದ ಮುಂದೆ ಐವತ್ತು ದಾಟಿದ ಹೆಂಗಸೊಬ್ಬರು ನಿಂತಿದ್ದರು. ತಲೆಗೆ ಬಿಳಿ ಟೋಪಿ, ಕೈಯಲ್ಲಿ ಗಂಧದ ಬಟ್ಟಲು. ಅವರು ಗಂಧದಲ್ಲಿ ಬೆರಳು ಅದ್ದಿ, ಸ್ಟಾರ್ಟ್ ಬಟನ್ನಿನ ಮೂಲೆಗೆ ಧಾರಾಳವಾಗಿ ಹಚ್ಚಿದರು. ಅದರ ಮೇಲೆ ಕುಂಕುಮ. ನೀರು ನೀರಾದ ಗಂಧ ನಿಧಾನವಾಗಿ ಜಾರಿ ಚೌಕಟ್ಟಿನ ಸಂದಿಯೊಳಗೆ ಇಳಿಯಿತು. ಊದುಬತ್ತಿ ಬೆಳಗಿ ಕೈ ಮುಗಿದರು. ಆಮೇಲೆ ಒದ್ದೆ ಬಟ್ಟೆಯಿಂದ ಸ್ಕ್ರೀನ್ ಒರೆಸಿ, ಉಳಿದದ್ದನ್ನೂ ಸಂದಿಗೇ ತಳ್ಳಿದರು.

"ಅಮ್ಮಾ..." ಎಂದಳು ನಯನಾ.

ಆಕೆಯ ಹೆಸರು ಲಕ್ಷ್ಮಿದೇವಮ್ಮ, ಆ ಯಂತ್ರದ ಆಪರೇಟರ್. ನಯನಾ ತಾನು ಯಾರೆಂದು ಹೇಳಿದ್ದೇ ತಡ, ಆಕೆಯ ಮುಖ ಅರಳಿತು.

"ನೀನೇನಾ ಆ ಉಡುಗಿ? ಬಾರವ್ವಾ, ಬಾ. ದಿನಾ ನಿನ್ ಸುದ್ದಿ ಕೇಳಿ ಕೇಳಿ ನನ್ ಕಿವಿ ತೂತು ಬಿದ್ದೋಗದೆ."

"ಯಾರು ಹೇಳ್ತಾರಮ್ಮ?"

"ಇನ್ಯಾರು, ನಮ್ ಗೋಕುಲ. ಆ ಉಡುಗಿ ಕೈ ಇಂಗೆ, ಕೆಲ್ಸ ಅಂಗೆ, ಅಂಥಾ ಕೈ ಎಲ್ಲೂ ನೋಡಿಲ್ಲ ಅಂತಾನೆ. ಮದ್ಲು ನಾನು ಗಂಧವ ಕಬ್ಬಿಣದ ಮ್ಯಾಲೆ ಇಡ್ತಿದ್ದೆ. ಅಷ್ಟು ಒಳ್ಳೆ ಕೈ ಮುಟ್ಟಿದ್ದಕ್ಕೆ ಇಡಾಣ ಅಂತ, ನೀನು ರಿಪೇರಿ ಮಾಡ್ ಕಳಿಸ್ದಾಗಿಂದ ಇದರ್ ಮ್ಯಾಲೇ ಇಡ್ತಿವ್ನಿ."

ನಯನಾಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೆಲ್ಲಗೆ ವಿಷಯ ಬಿಡಿಸಿ ಹೇಳಿದಳು. ಲಕ್ಷ್ಮಿದೇವಮ್ಮ ಬಟ್ಟಲನ್ನು ಕೆಳಗಿಟ್ಟರು.

"ನನ್ನಿಂದ್ಲಾ? ಅಯ್ಯೋ, ಆ ಉಡುಗ ಯಜಮಾನ್ರ ತಾವ ನನ್ನಿಂದ ಬೈಸ್ಕೊಂಡ್ನಾ? ನೋಡವ್ವಾ ಇಲ್ಲಿ, ಏನ್ ಬರ್ದವ್ನೋ."

ಯಂತ್ರದ ಪಕ್ಕ ದಾರ ಕಟ್ಟಿ ನೇತುಹಾಕಿದ್ದ ಒಂದು ನೋಟ್‌ಬುಕ್. ಯಂತ್ರ ನಿಂತಾಗಲೆಲ್ಲ ಕಾರಣ ಬರೆಯುವ ಪುಸ್ತಕ ಅದು. ನಯನಾ ಪುಟ ತಿರುವಿದಳು.

ಎರಡನೆಯ ಸಲ ಕೆಟ್ಟ ದಿನ: 'ಪ್ಯಾನೆಲ್ ರಿಪೇರಿ ಸರಿಯಾಗಿದೆ. ಕಾರಣ ನಮ್ಮಲ್ಲೇ ಇದೆ. ಹುಡುಕುತ್ತಿದ್ದೇನೆ. – ಗೋಕುಲ್.'

ಮೂರನೆಯ ಸಲ, ಅಂದರೆ ಅವಳು ಅವನಿಗೆ ಬರಬೇಡಿ ಎಂದ ದಿನ: 'ರಿಪೇರಿಯಲ್ಲಿ ದೋಷವಿಲ್ಲ. ಜವಾಬ್ದಾರಿ ನನ್ನದು. – ಗೋಕುಲ್.'

ನಾಲ್ಕನೆಯ ಸಲವೂ ಅದೇ. ಅಕ್ಷರ ಮಾತ್ರ ಇನ್ನೂ ಒತ್ತಿ ಬರೆದಿದ್ದ.

ಅವಳು ಅವನನ್ನು ನಂಬಿರಲಿಲ್ಲ. ಅವನು ಅವಳ ಕೆಲಸವನ್ನು ಒಂದು ದಿನವೂ ಅನುಮಾನಿಸಿರಲಿಲ್ಲ. ನಯನಾ ಆ ಪುಟವನ್ನು ಎದೆಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿ ನಿಂತಳು. ಲಕ್ಷ್ಮಿದೇವಮ್ಮ ಅವಳ ಬೆನ್ನು ಸವರಿದರು.

ಕಣ್ಣೊರೆಸಿಕೊಂಡ ಮೇಲೆ ಕೆಲಸ ಶುರುವಾಯಿತು. ಪ್ಯಾನೆಲ್ ಬಿಚ್ಚಿ ಒಣಗಿಸಿದಳು, ಜೊತೆಗೆ ತಂದಿದ್ದ ಹೊಸ ರಬ್ಬರ್ ಪಟ್ಟಿಯನ್ನು ಸುತ್ತಲೂ ಕೂರಿಸಿದಳು. ಯಂತ್ರದ ಕಬ್ಬಿಣದ ಚೌಕಟ್ಟಿಗೆ ಅಂಗೈಯಗಲದ ಒಂದು ಸ್ಟೀಲ್ ತಗಡು ಬಿಗಿದಳು.

"ಅಮ್ಮಾ, ಇನ್ಮೇಲೆ ಗಂಧ ಇಲ್ಲಿಡಿ. ಎಷ್ಟು ಬೇಕೋ ಅಷ್ಟು ಇಡಿ. ಪೂಜೆ ಮಾತ್ರ ನಿಲ್ಲಿಸ್ಬೇಡಿ."

"ಆಗ್ಲಿ ಕಣವ್ವಾ. ಇಬ್ರ ಎಸ್ರಲ್ಲೂ ಇಡ್ತೀನಿ" ಎಂದು ಆಕೆ ಬಾಗಿಲ ಕಡೆ ನೋಡಿ ಕಣ್ಣು ಮಿಟುಕಿಸಿದರು.

ಬಾಗಿಲಲ್ಲಿ ಹೆಲ್ಮೆಟ್ ಹಿಡಿದುಕೊಂಡು ಗೋಕುಲ್ ನಿಂತಿದ್ದ. ಶೇವ್ ಮಾಡಿರಲಿಲ್ಲ. ಲಕ್ಷ್ಮಿದೇವಮ್ಮನಿಗೆ ತಕ್ಷಣ ಎಲ್ಲೋ ಏನೋ ಕೆಲಸ ನೆನಪಾಯಿತು, ಹೊರಟುಹೋದರು.

ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದ ಮಾತಿನಲ್ಲಿ ನಯನಾಗೆ ಒಂದು ಪದವೂ ನೆನಪಿಗೆ ಬರಲಿಲ್ಲ.

"ಗಂಧ" ಅಂದಳು.

"ಏನು?"

"ಮೊಸರಲ್ಲ, ಗಂಧ. ಅದನ್ನ ಮೊಸರು ಅಂದ್ಕೊಂಡಿದ್ದು ನನ್ನ ತಪ್ಪು. ನಿಮ್ಮ ಮಾತು ಪೂರ್ತಿ ಕೇಳದೆ ಇದ್ದಿದ್ದು ಇನ್ನೂ ದೊಡ್ಡ ತಪ್ಪು. ಸಾರಿ ಗೋಕುಲ್."

ಅವಳು ನಡೆದದ್ದೆಲ್ಲ ಹೇಳಿದಳು. ಅವನು ಕೇಳುತ್ತಾ ಕೇಳುತ್ತಾ ತಲೆಯ ಮೇಲೆ ಕೈಯಿಟ್ಟುಕೊಂಡ.

"ಅಂದ್ರೆ... ನಾನು ನಿಮ್ಮನ್ನ ಹೊಗಳಿದ್ದಕ್ಕೆ ಲಕ್ಷ್ಮಿದೇವಮ್ಮ ಗಂಧ ಹಚ್ಚಿದ್ರು, ಗಂಧ ಹಚ್ಚಿದ್ದಕ್ಕೆ ಪ್ಯಾನೆಲ್ ಕೆಡ್ತು."

"ಹೂಂ. ಹಾಗೆ ನೋಡಿದ್ರೆ ಕೆಡಿಸಿದ್ದು ನೀವೇ."

ಗೋಕುಲ್ ನಕ್ಕ. ಮೂರು ವಾರದ ನಂತರ ಆ ನಗು ಕೇಳಿದ ನಯನಾಗೆ ಜೀವ ಬಂದಂತಾಯಿತು.

"ಬನ್ನಿ, ಪ್ಲಸ್ ಗುರುತು ಒತ್ತಬೇಕು. ಇವತ್ತು ನೀವು ಒತ್ತಿ" ಎಂದಳು.

ಮೇಲೆ ಎಡಗಡೆ. ಮೇಲೆ ಬಲಗಡೆ. ಕೆಳಗೆ ಎರಡು. ಕೊನೆಯದು ನಡುವಿನದು. ಅದನ್ನು ಒತ್ತುವ ಮೊದಲು ಅವನ ಬೆರಳು ನಿಂತಿತು.

"ಇದಾದ್ಮೇಲೆ ಪ್ಯಾನೆಲ್ ಕೆಡಲ್ಲ ಅಲ್ವಾ?"

"ಕೆಡಲ್ಲ. ಇದು ನನ್ನ ಕೆಲ್ಸ, ನಿಲ್ಲುತ್ತೆ."

"ಗೊತ್ತು. ಅದೇ ಭಯ." ಅವನು ಅವಳ ಕಡೆ ತಿರುಗಿದ. "ನಯನಾ, ಆವತ್ತು ಅರ್ಧ ಹೇಳಿದ್ದೆ. ಉಳಿದರ್ಧ ಹೇಳ್ತೀನಿ. ಕೆಡ್ಲಿ ಅಂತ ಕಾಯ್ತಿದ್ದೆ, ಯಾಕಂದ್ರೆ ಕಾರಣ ಇಲ್ದೆ ಬರೋಕೆ ಧೈರ್ಯ ಇರ್ಲಿಲ್ಲ. ನೀವಂದ್ರೆ ನಂಗೆ ಪ್ರಾಣ. ಮೊದಲ್ನೇ ದಿನ ಕೈ ಹಿಡಿದ್ರಲ್ಲ, ಆವತ್ತಿಂದ."

ನಯನಾ ಅವನ ಮಣಿಕಟ್ಟನ್ನು ಹಿಡಿದಳು, ಈ ಸಲ ಮೆತ್ತಗೆ. ಅವನ ಬೆರಳನ್ನು ನಡುವಿನ ಪ್ಲಸ್ ಗುರುತಿನ ಮೇಲೆ ತಾನೇ ಇಟ್ಟಳು. ಯಂತ್ರ ಬೀಪ್ ಅಂದಿತು.

"ನಾಳೆ ಶನಿವಾರ. ಬನ್ನಿ" ಎಂದಳು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೇ ಬಾಲರಾಜು ಅವರ ಫೋನ್ ಬಂತು. ದೊಡ್ಡ ಮನುಷ್ಯರು ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳುವುದಿಲ್ಲ. "ಲೈನ್ ಓಡ್ತಿದೆ ಕಣಮ್ಮಾ. ಚಿಕ್ಕಜಾಲದ್ದೂ ಎರಡು ಪ್ಯಾನೆಲ್ ಇದೆ, ನಿನ್ ಹತ್ರಾನೇ ಕಳಿಸ್ತೀನಿ" ಎಂದರು. ನಯನಾಗೆ ಅಷ್ಟೇ ಸಾಕಾಗಿತ್ತು.

ಹತ್ತೂಕಾಲಿಗೆ ಮೆಟ್ಟಿಲ ಮೇಲೆ ಸದ್ದು. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡಿದ್ದ ವೆಂಕಟರಾಮಯ್ಯನವರು ಪೇಪರ್ ಇಳಿಸಿದರು. ಗೋಕುಲ್ ನಿಂತಿದ್ದ, ನುಣ್ಣಗೆ ಶೇವ್ ಮಾಡಿಕೊಂಡು, ಎರಡೂ ಕೈ ಖಾಲಿ.

"ಪ್ಯಾನೆಲ್ ಎಲ್ಲಪ್ಪಾ?"

"ತಂದಿಲ್ಲ ಸಾರ್."

"ಮೊಸರು?"

"ನಿಮಗೆ ನೆಗಡಿ ಅಂತ ಕೇಳ್ದೆ ಸಾರ್. ಅದೂ ತಂದಿಲ್ಲ."

"ಮತ್ತೇನು ಕೆಟ್ಟಿದೆ ಅಂತ ಬಂದೆ?"

ಗೋಕುಲ್ ಬೆವರಿದ. ಅವನಿಗೆ ಸತ್ಯ ಹೇಳುವ ರೋಗವಿದೆ ನಿಜ, ಆದರೆ ಹುಡುಗಿಯ ಅಪ್ಪನ ಮುಂದೆ ಆ ರೋಗವೂ ಕೈಕೊಟ್ಟಿತು.

ಒಳಗಿನಿಂದ ನಯನಾಳ ದನಿ ಬಂತು. ಹಸಿರು ಚೂಡಿದಾರ ಹಾಕಿಕೊಂಡು, ಐರನ್ ಆರಿಸಿಟ್ಟು, ಅವಳು ಬಾಗಿಲಿಗೇ ಬಂದಳು.

"ಏನೂ ಕೆಟ್ಟಿಲ್ಲ ಅಪ್ಪಾ. ನಾನೇ ಬರೋಕೆ ಹೇಳಿದ್ದೆ."

ವೆಂಕಟರಾಮಯ್ಯನವರು ಮಗಳ ಮುಖ ನೋಡಿದರು, ಹುಡುಗನ ಮುಖ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು. "ಹಾಗಾದ್ರೆ ಟೀ ಹೇಳ್ಬಿಟ್ಟು ಬರ್ತೀನಿ. ರವಿಕಿರಣಂಗೂ ಸೇರಿ ನಾಲ್ಕು" ಎಂದು ಮೆಟ್ಟಿಲಿಳಿದು ಹೋದರು. ಒಂದೇ ಮಹಡಿ ಇಳಿಯಲು ಆವತ್ತು ಅವರು ಬೇಕೆಂದೇ ತುಂಬಾ ಹೊತ್ತು ತೆಗೆದುಕೊಂಡರು.

ಗೋಕುಲ್ ತನ್ನ ಸ್ಟೂಲಿನ ಮೇಲೆ ಕೂತ.

"ಮುಂದಿನ ಶನಿವಾರ?" ಎಂದು ಕೇಳಿದ.

"ಶನಿವಾರದ ತನಕ ಯಾಕೆ ಕಾಯ್ಬೇಕು?" ಎಂದಳು ನಯನಾ. "ನಾಳೆ ಭಾನುವಾರ."